ಕಾರಿನೊಳಗಿನ ಸದ್ದು ಇಳಿಸುವುದು: ಡ್ಯಾಂಪಿಂಗ್ ಶೀಟ್ ನೀವೇ ಅಂಟಿಸುವ ಪೂರ್ತಿ ಕ್ರಮ

ಕಾರಿನ ಬಾಗಿಲ ನಡುಭಾಗವನ್ನು ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ಕುಟ್ಟಿ ನೋಡಿ. ‘ಠಣ್’ ಅಂತ ಸದ್ದು ಎಳೆಯುತ್ತದೆ. ಈಗ ಅಂಚಿನ ಹತ್ತಿರ ಕುಟ್ಟಿ. ‘ಟಕ್’ ಅಂದು ಅಲ್ಲೇ ನಿಲ್ಲುತ್ತದೆ. ಎರಡೂ ಕಡೆ ಇರುವುದು ಒಂದೇ ತಗಡು. ಅಂಚಿನಲ್ಲಿ ಅದು ಬಿಗಿಯಾಗಿದೆ, ನಡುವೆ ಅದಕ್ಕೆ ಅದುರಲು ಜಾಗ ಸಿಕ್ಕಿದೆ. ಡ್ಯಾಂಪಿಂಗ್ ಶೀಟಿನ ಕೆಲಸ ಆ ಅದುರು ನಿಲ್ಲಿಸುವುದು, ಅಷ್ಟೇ. ಹೊರಗಿನ ಸದ್ದು ಒಳಗೆ ಬಾರದಂತೆ ಗೋಡೆ ಕಟ್ಟುವುದು ಅದರ ಕೆಲಸವಲ್ಲ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ತುಂಬಾ ಜನ ಒಂದೇ ಬಗೆಯ ಶೀಟನ್ನು ಕಾರಿನ ಉದ್ದಗಲಕ್ಕೂ ಬಿಡದೆ ಅಂಟಿಸುತ್ತಾರೆ. ದುಡ್ಡೂ ಹೋಗುತ್ತದೆ, ತೂಕವೂ ಏರುತ್ತದೆ, ಸದ್ದು ಮಾತ್ರ ಅಂದುಕೊಂಡಷ್ಟು ಇಳಿಯುವುದಿಲ್ಲ. ಯಾವ ಸದ್ದಿಗೆ ಯಾವ ವಸ್ತು, ಅದು ಎಲ್ಲಿಗೆ ಬೇಕು, ಎಲ್ಲಿ ಅಂಟಿಸಲೇಬಾರದು ಅನ್ನುವುದು ಗೊತ್ತಿದ್ದರೆ ಅರ್ಧ ಸಾಮಾನಿನಲ್ಲೇ ಒಳ್ಳೆಯ ಕೆಲಸವಾಗುತ್ತದೆ.

ಮೊದಲು ಸದ್ದು ಎಲ್ಲಿಂದ ಅಂತ ಹುಡುಕಿ

ಬೇರೆಯವರ ಕೈಗೆ ಸ್ಟಿಯರಿಂಗ್ ಕೊಟ್ಟು ನೀವು ಹಿಂದೆ ಕೂತುಕೊಳ್ಳಿ. ಒಮ್ಮೆ ಬಾಗಿಲ ಕಡೆ ಕಿವಿಗೊಡಿ, ಒಮ್ಮೆ ಡಿಕ್ಕಿ ಕಡೆ, ಒಮ್ಮೆ ಕಾಲಬುಡದ ಕಡೆ. ಕಾರು ಓಡಿಸುತ್ತಾ ಇದನ್ನು ಮಾಡಲು ಹೋಗಬೇಡಿ.

ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದ ತಕ್ಷಣ ಸದ್ದು ಬದಲಾದರೆ ಅದು ಟೈರಿನದು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಏರಿದರೆ ಎಂಜಿನ್ನಿನದು, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಕಡೆಯಿಂದ ಬರುತ್ತಿದೆ. ವೇಗ ಹೆಚ್ಚಿದಾಗ ಮಾತ್ರ ಕೇಳುವ ಸುಯ್ ಸದ್ದು ಗಾಳಿಯದು. ಇದಕ್ಕೆ ಶೀಟಿನಿಂದ ಏನೂ ಪ್ರಯೋಜನವಿಲ್ಲ, ತಪ್ಪು ಹೆಚ್ಚಾಗಿ ಬಾಗಿಲ ಬೀಡಿಂಗಿನಲ್ಲಿ, ಅಂದರೆ ಸುತ್ತಲಿನ ರಬ್ಬರ್ ಪಟ್ಟಿಯಲ್ಲಿ ಇರುತ್ತದೆ. ಒಂದು ಕಾಗದದ ಪಟ್ಟಿಯನ್ನು ಬಾಗಿಲ ಸಂದಿಗೆ ಇಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಸತ್ತಿದೆ ಅಂತಲೇ ಅರ್ಥ. ಬೀಡಿಂಗ್ ಬದಲಾಯಿಸಿ, ಸಾಕು.

ಇನ್ನೊಂದು ಸದ್ದಿದೆ, ಅದನ್ನು ಮುಚ್ಚಿಹಾಕಬಾರದು. ವೇಗದ ಜೊತೆ ಏರುವ ಗುಂಯ್ ಸದ್ದು, ಕಾರು ಒಂದು ಬದಿಗೆ ತಿರುಗಿದಾಗ ಜಾಸ್ತಿಯಾಗಿ ಇನ್ನೊಂದು ಬದಿಗೆ ತಿರುಗಿದಾಗ ಇಳಿದರೆ ಅದು ವೀಲ್ ಬೇರಿಂಗ್ ಇರಬಹುದು. ಮೊದಲು ಗ್ಯಾರೇಜಿಗೆ ಹೋಗಿ. ಟೈರುಗಳು ಒಂದೇ ಕಡೆ ಸವೆದಿದ್ದರೂ ಅಷ್ಟೇ. ಸವೆದ ಟೈರು ಹಾಗೇ ಇಟ್ಟುಕೊಂಡು ನೆಲಕ್ಕೆ ಶೀಟು ಹಾಕುವುದು ಸುಮ್ನೆ ದಂಡ.

ಕೆಲಸ ಶುರು ಮಾಡುವ ಮುಂಚೆ ಫೋನಿನ ಡೆಸಿಬಲ್ ಆ್ಯಪಿನಲ್ಲಿ ಅಳತೆ ಬರೆದಿಟ್ಟುಕೊಳ್ಳಿ. ಫೋನ್ ತೋರಿಸುವ ಅಂಕಿ ನಿಖರವಾಗಿರುವುದಿಲ್ಲ, ಆದರೆ ಹಿಂದಿನ ಅಳತೆಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ನೋಡಲು ಸಾಕಾಗುತ್ತದೆ. ಅದೇ ರಸ್ತೆ, ಅದೇ ವೇಗ, ಅದೇ ಗೇರ್, ಎಸಿ ಆಫ್, ಫೋನ್ ಇಟ್ಟ ಜಾಗವೂ ಅದೇ ಇರಬೇಕು. ಒಂದು ಮಾತು: 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದ ಹಾಗೆ ಕೇಳುತ್ತದೆ. ಮನೆಯಲ್ಲಿ ಮಾಡುವ ಕೆಲಸಕ್ಕೆ ಅಷ್ಟು ಇಳಿಯುತ್ತದೆ ಅಂತ ಕಾಯಬೇಡಿ. ಕೆಲವೇ ಡೆಸಿಬಲ್ ಇಳಿದರೂ ಕೆಳದನಿಯ ಗುಡುಗುಡು ಹೋಗಿರುತ್ತದೆ, ಪ್ರಯಾಣದ ಸುಸ್ತು ಕಡಿಮೆಯಾಗುತ್ತದೆ.

ಮೂರು ವಸ್ತು, ಮೂರು ಬೇರೆ ಕೆಲಸ

ಮೊದಲನೆಯದು ಡ್ಯಾಂಪಿಂಗ್ ಶೀಟ್. ಒಂದು ಬದಿ ಅಂಟಂಟಾದ ಬ್ಯುಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಫಾಯಿಲ್. ಸ್ಟೀಲ್ ತಟ್ಟೆಯ ಅಂಚಿಗೆ ಬಡಿದು ತಕ್ಷಣ ಬೆರಳಿಟ್ಟರೆ ಸದ್ದು ಸಾಯುತ್ತದಲ್ಲ, ಇದೂ ಅದೇ ಕೆಲಸ ಮಾಡುತ್ತದೆ. ತಗಡು ಬಾಗಿದಾಗ ಕೆಳಗಿನ ತಗಡಿಗೂ ಮೇಲಿನ ಫಾಯಿಲಿಗೂ ನಡುವೆ ಸಿಕ್ಕ ರಬ್ಬರ್ ಜಗ್ಗಾಡುತ್ತದೆ. ಅದುರುವ ಶಕ್ತಿ ಅಲ್ಲೇ ಸಣ್ಣ ಬಿಸಿಯಾಗಿ ಕರಗಿಹೋಗುತ್ತದೆ. ಹಾಗಾಗಿ ಫಾಯಿಲ್ ಬರೀ ಅಂದಕ್ಕಲ್ಲ. ಫಾಯಿಲ್ ತೀರಾ ತೆಳುವಾದರೆ ರೋಲರ್ ಕೆಳಗೆ ಹರಿಯುತ್ತದೆ, ಕೆಲಸವೂ ಸರಿಯಾಗಿ ಮಾಡುವುದಿಲ್ಲ. ಒಟ್ಟು ದಪ್ಪ 2 ಮಿಲಿಮೀಟರ್ ಆಸುಪಾಸು ಇದ್ದರೆ ಮಾಮೂಲಿ ಕಾರಿಗೆ ಸಾಕು.

ಕಡಿಮೆ ದರಕ್ಕೆ ಸಿಗುವ ಕಪ್ಪು ಶೀಟುಗಳಲ್ಲಿ ಹಲವು ಡಾಂಬರಿನವು. ಬಿಸಿಲಲ್ಲಿ ನಿಂತ ಕಾರಿನೊಳಗೆ ಅವು ವಾಸನೆ ಬಿಡುತ್ತವೆ, ಮೆತ್ತಗಾಗುತ್ತವೆ, ಬಾಗಿಲು ಮತ್ತು ಛಾವಣಿಯಿಂದ ಕಿತ್ತು ಬೀಳುತ್ತವೆ. ಕೊಳ್ಳುವ ಮುಂಚೆ ಒಂದು ತುಂಡು ಕೇಳಿ ಪಡೆದು ಬಿಸಿಲಿಗೆ ಇಟ್ಟು ಮೂಸಿ ನೋಡಿ. ಹೊಸ ರಸ್ತೆಯ ವಾಸನೆ ಬಂದರೆ ಬೇಡ.

ಇನ್ನು ಎಷ್ಟು ಬೇಕು ಅನ್ನುವುದು. ದೊಡ್ಡ ಚಪ್ಪಟೆ ತಗಡಿನ ನಡುಭಾಗದಲ್ಲಿ 25ರಿಂದ 30 ಶೇಕಡಾ ಮುಚ್ಚಿದರೆ ಅದುರಿನ ಬಹುಪಾಲು ಹೋಗುತ್ತದೆ. ಉಳಿದ ಜಾಗ ಮುಚ್ಚಿದರೆ ಸಿಗುವುದು ಚೂರುಪಾರು ಲಾಭ. ಈಗಾಗಲೇ ಉಬ್ಬುತಗ್ಗು ಮಡಿಕೆಗಳಿರುವ ಕಡೆ ತಗಡು ತಾನೇ ಗಟ್ಟಿ ಇರುತ್ತದೆ, ಅಲ್ಲಿ ಬೇಕಾಗುವುದೇ ಇಲ್ಲ.

ಎರಡನೆಯದು ತಡೆಗೋಡೆ. ತೂಕ ತುಂಬಿದ ವಿನೈಲ್ ಹಾಳೆ, ಚದರ ಮೀಟರಿಗೆ ಸುಮಾರು 5 ಕೆಜಿ ತೂಗುತ್ತದೆ. ಗಾಳಿಯಲ್ಲಿ ತೇಲಿ ಬರುವ ಸದ್ದನ್ನು ತೂಕವೇ ತಡೆಯಬೇಕು, ಬೇರೆ ದಾರಿಯಿಲ್ಲ. ಲೆಕ್ಕದ ಪ್ರಕಾರ ತೂಕ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ತಡೆ ಹೆಚ್ಚುತ್ತದೆ. ಆದರೆ ಹಾಳೆಯಲ್ಲಿ ಸಂದಿ ಬಿಟ್ಟರೆ ಸದ್ದು ಅಲ್ಲಿಂದಲೇ ನುಗ್ಗುತ್ತದೆ. ತುಂಡುತುಂಡಾಗಿ ಹಾಕಿದ ವಿನೈಲ್ ಬರೀ ಭಾರ. ಜೊತೆಗೆ, ಇದು ತಗಡಿಗೆ ನೇರವಾಗಿ ತಾಗಬಾರದು, ನಡುವೆ ಫೋಮ್ ಇರಬೇಕು.

ಮೂರನೆಯದು ಆ ಫೋಮ್. ನೀರು ಹೀರದ, ಮುಚ್ಚಿದ ಕಣಗಳ ಫೋಮ್, 3ರಿಂದ 6 ಮಿಲಿಮೀಟರ್ ದಪ್ಪದ್ದು. ಸಣ್ಣ ತುಂಡನ್ನು ನೀರಲ್ಲಿ ಮುಳುಗಿಸಿ ಹಿಂಡಿ ನೋಡಿ. ನೀರು ಸುರಿದರೆ ಅದು ಸ್ಪಂಜು, ಬಾಗಿಲೊಳಗೆ ಇಟ್ಟರೆ ಮಳೆಗಾಲ ಪೂರ್ತಿ ನೀರು ಹಿಡಿದುಕೊಂಡು ತಗಡಿಗೆ ತುಕ್ಕು ಹಿಡಿಸುತ್ತದೆ. ಸೋಫಾದ ಸ್ಪಂಜು, ಹಳೆಯ ಬಟ್ಟೆ, ಹತ್ತಿ ಇವೆಲ್ಲ ಬಾಗಿಲೊಳಗೆ ಬೇಡವೇ ಬೇಡ.

ಸಾಮಾನು

ಗಟ್ಟಿ ರೋಲರ್ ಒಂದು, ಸಾಧ್ಯವಾದರೆ ಸಂದಿಗೆ ಇನ್ನೊಂದು ಚಿಕ್ಕದು. ಟ್ರಿಮ್ (ಕಾರಿನ ಒಳಹೊದಿಕೆ) ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು. ಸ್ಕ್ರೂಡ್ರೈವರ್, ಸಾಕೆಟ್ ಸೆಟ್, ನಕ್ಷತ್ರದ ತಲೆಯ ಬಿಟ್‌ಗಳು. ಕಟರ್ ಬ್ಲೇಡು, ಬೇರೆ ಬ್ಲೇಡುಗಳೂ ಇರಲಿ, ಬ್ಯುಟೈಲ್ ಮೆತ್ತಿಕೊಂಡು ಬೇಗ ಮೊಂಡಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆ ಬಟ್ಟೆ, ಹೇರ್ ಡ್ರೈಯರ್, ಹೆಡ್‌ಲ್ಯಾಂಪ್. ಡೋರ್ ಪ್ಯಾಡಿನ (ಬಾಗಿಲ ಒಳಹೊದಿಕೆಯ) ಕ್ಲಿಪ್ಪುಗಳನ್ನು ಮೊದಲೇ ಒಂದಷ್ಟು ತಂದಿಟ್ಟುಕೊಳ್ಳಿ, ಹಳೆಯ ಕಾರಾದರೆ ಕೆಲವು ಮುರಿದೇ ಮುರಿಯುತ್ತವೆ. ದಪ್ಪ ಕೈಗವಸು ಮರೆಯಬೇಡಿ. ಫಾಯಿಲ್ ಅಂಚು ಬ್ಲೇಡಿನಷ್ಟೇ ಚೂಪು, ಬಾಗಿಲೊಳಗಿನ ತಗಡಿನ ಅಂಚು ಅದಕ್ಕಿಂತ ಜಾಸ್ತಿ.

ಬ್ಯಾಟರಿ ಮತ್ತು ಏರ್‌ಬ್ಯಾಗ್

ಮೊದಲು ಕಿಟಕಿ ಗಾಜುಗಳನ್ನೆಲ್ಲ ಪೂರ್ತಿ ಮೇಲೇರಿಸಿ. ಡಿಕ್ಕಿ ವಿದ್ಯುತ್ತಿನಲ್ಲಿ ತೆರೆಯುವಂಥದ್ದಾದರೆ ಅದನ್ನೂ ತೆರೆದಿಡಿ. ಆಮೇಲೆ ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ. ಏರ್‌ಬ್ಯಾಗ್ ಘಟಕದಲ್ಲಿ ಉಳಿದ ಚಾರ್ಜ್ ಇಳಿಯಲು ಸಮಯ ಬೇಕು. ಎಷ್ಟು ಅಂತ ಕಾರಿನ ಕೈಪಿಡಿ ಹೇಳಿದ್ದರೆ ಅದೇ ಅಂತಿಮ, ಇಲ್ಲದಿದ್ದರೆ 10 ನಿಮಿಷ ಕಾಯಿರಿ.

ಹಳದಿ ಬಣ್ಣದ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಸೀಟಿನ ಕೆಳಗೆ, ಛಾವಣಿ ಹೊತ್ತ ಕಂಬಗಳ ಒಳಗೆ, ಕೆಲವು ಕಾರುಗಳಲ್ಲಿ ಬಾಗಿಲೊಳಗೂ ಇರುತ್ತವೆ. ಬಿಚ್ಚಿದ್ದರೆ ಮತ್ತೆ ಜೋಡಿಸುವ ತನಕ ಇಗ್ನಿಷನ್ ಆನ್ ಮಾಡಬೇಡಿ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತಿಕೊಂಡು ಆಮೇಲೆ ಸ್ಕ್ಯಾನರ್ ಹಾಕಿಯೇ ಆರಿಸಬೇಕಾಗಬಹುದು. ಬಾಗಿಲೊಳಗೆ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಇರುವ ಕಾರುಗಳೂ ಇವೆ. ಅವು ಬಾಗಿಲೊಳಗಿನ ಗಾಳಿಯ ಒತ್ತಡ ನೋಡಿಯೇ ಅಪಘಾತ ಪತ್ತೆ ಹಚ್ಚುತ್ತವೆ. ಆ ಸೆನ್ಸರ್ ಮೇಲೆ ಏನನ್ನೂ ಅಂಟಿಸಬೇಡಿ, ಅಂಥ ಬಾಗಿಲಲ್ಲಿ ಕಂಪನಿ ಬಿಟ್ಟ ತೂತು, ಮುಚ್ಚಳಗಳನ್ನು ಇದ್ದ ಹಾಗೇ ಬಿಡಿ. ವಿದ್ಯುತ್ ಕಾರು ಅಥವಾ ಹೈಬ್ರಿಡ್ ಆದರೆ ಕಿತ್ತಳೆ ಬಣ್ಣದ ಕೇಬಲ್ಲಿನ ಹತ್ತಿರವೂ ಕೈ ಹಾಕಬೇಡಿ.

ಮೊದಲ ಬಾಗಿಲು

ಯಾವಾಗಲೂ ಮುಂದಿನ ಒಂದು ಬಾಗಿಲಿನಿಂದ ಶುರು ಮಾಡಿ. ಒಂದು ಮುಗಿಸಿದರೆ ಎದುರಿನದನ್ನು ಕುಟ್ಟಿ ಹೋಲಿಸಿ ನೋಡಬಹುದು, ಸ್ಪೀಕರಿನ ಸದ್ದೂ ಹೇಗೆ ಬದಲಾಯಿತು ಅಂತ ತಿಳಿಯುತ್ತದೆ. ನಾಲ್ಕೂ ಬಾಗಿಲು ಒಟ್ಟಿಗೆ ಬಿಚ್ಚಿ ಹರಡಿಕೊಂಡರೆ ಯಾವ ಸ್ಕ್ರೂ ಎಲ್ಲಿಯದು ಅನ್ನುವುದೇ ತಲೆನೋವು.

ಡೋರ್ ಪ್ಯಾಡಿನ ಸ್ಕ್ರೂಗಳು ಅಡಗಿಕೊಂಡಿರುತ್ತವೆ. ಬಾಗಿಲು ಎಳೆಯುವ ಹಿಡಿಯ ತಳದಲ್ಲಿ ಚಿಕ್ಕ ಮುಚ್ಚಳದ ಕೆಳಗೆ, ಲಾಕ್ ತೆರೆಯುವ ಹಿಡಿಕೆಯ ಹಿಂದೆ, ಕನ್ನಡಿಯ ಬಳಿಯ ತ್ರಿಕೋನ ಪ್ಲಾಸ್ಟಿಕ್ಕಿನ ಹತ್ತಿರ, ಕೆಳ ಅಂಚಿನಲ್ಲಿ ಹುಡುಕಿ. ಎಲ್ಲ ಸ್ಕ್ರೂ ತೆಗೆದ ಮೇಲೆ ಕೆಳಗಿನ ಮೂಲೆಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕ್ಲಿಪ್ ಇರುವ ಜಾಗದಲ್ಲೇ ಮೀಟಿ. ಪ್ಯಾಡ್ ಬರುತ್ತಿಲ್ಲ ಅಂದರೆ ಬಲ ಹಾಕಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಉಳಿದಿದೆ. ಸುತ್ತ ಕ್ಲಿಪ್ ಬಿಟ್ಟ ಮೇಲೆ ಮೇಲಕ್ಕೆ ಎತ್ತಿ. ಥಟ್ಟನೆ ಎಳೆಯಬೇಡಿ, ಹಿಂದೆ ಸ್ವಿಚ್ಚಿನ ವೈರು, ಲಾಕಿನ ಕೇಬಲ್ಲು ಇರುತ್ತವೆ. ಫೋಟೊ ತೆಗೆದುಕೊಂಡು ಬಿಚ್ಚಿ.

ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಕಪ್ಪು ಅಂಟಿನಲ್ಲಿ ಕೂತಿರುತ್ತದೆ. ಮಳೆನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ. ಹರಿಯದ ಹಾಗೆ, ಅಂಟನ್ನು ಬ್ಲೇಡಿನಲ್ಲಿ ನಿಧಾನವಾಗಿ ಸೀಳುತ್ತಾ ಬಿಡಿಸಿ. ಈಗ ಕಾಣುವ ದೊಡ್ಡ ತೂತುಗಳ ಮೂಲಕ ಕೈ ಹಾಕಿದರೆ ಹೊರತಗಡಿನ ಒಳಮೈ ಸಿಗುತ್ತದೆ. ನಮ್ಮ ಮೊದಲ ಶೀಟು ಹೋಗಬೇಕಾದ್ದು ಅಲ್ಲಿಗೆ.

ಸ್ವಚ್ಛ ಮಾಡುವುದು ಬೇಸರದ ಕೆಲಸ, ಆದರೆ ಶೀಟು ವರ್ಷಗಟ್ಟಲೆ ನಿಲ್ಲುತ್ತದೋ ಬೀಳುತ್ತದೋ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಮಣ್ಣು ತೆಗೆಯಿರಿ. ಒಣಗಿದ ಮೇಲೆ ಆಲ್ಕೋಹಾಲ್ ಹಾಕಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟುಕೊಂಡು ಮಾಡಿ, ಹತ್ತಿರ ಬೆಂಕಿ ಇರಬಾರದು. ಆಲ್ಕೋಹಾಲ್ ಪೂರ್ತಿ ಆರುವ ಮುಂಚೆ ಡ್ರೈಯರ್ ಹಚ್ಚಬೇಡಿ. ತುಕ್ಕು ಕಂಡರೆ ಉಜ್ಜಿ ಪ್ರೈಮರ್ ಹಚ್ಚಿ, ಒಣಗಲು ಬಿಟ್ಟು ಆಮೇಲೆ ಮುಂದುವರಿಯಿರಿ.

ಶೀಟನ್ನು ತೂತಿನಲ್ಲಿ ತೂರುವ ಅಳತೆಗೆ ಕತ್ತರಿಸಿ, ಅಂಗೈಗಿಂತ ಸ್ವಲ್ಪ ದೊಡ್ಡದು ಸಾಕು. ಹಿಂದಿನ ಕಾಗದವನ್ನು ಒಂದೇ ಸಲ ಕಿತ್ತರೆ ಒಳಗೆ ತಲುಪುವಷ್ಟರಲ್ಲಿ ಅದು ಎಲ್ಲೋ ಮೆತ್ತಿಕೊಂಡಿರುತ್ತದೆ. ಒಂದು ಅಂಚಿನ ಕಾಗದ ಮಾತ್ರ ಬಿಡಿಸಿ, ಅಂಚನ್ನು ತಗಡಿಗೆ ಕೂರಿಸಿ, ಉಳಿದದ್ದನ್ನು ಎಳೆಯುತ್ತಾ ಒತ್ತಿಕೊಂಡು ಹೋಗಿ. ಬಾಗಿಲೊಳಗೆ ಅಡ್ಡಕ್ಕೆ ಒಂದು ದಪ್ಪ ಉಕ್ಕಿನ ತೊಲೆ ಇರುತ್ತದೆ, ಅಪಘಾತದಲ್ಲಿ ಕಾಪಾಡುವುದು. ಅದರ ಮೇಲಲ್ಲ, ಅದರ ಮೇಲ್ಗಡೆ ಮತ್ತು ಕೆಳಗಡೆಯ ಖಾಲಿ ತಗಡಿಗೆ ಅಂಟಿಸಿ.

ಈಗ ರೋಲರ್. ಹೆಚ್ಚಿನ ಶೀಟುಗಳ ಫಾಯಿಲ್ ಮೇಲೆ ಸಣ್ಣ ಉಬ್ಬು ವಿನ್ಯಾಸ ಇರುತ್ತದೆ. ಆ ಉಬ್ಬು ಮಾಸಿ ಚಪ್ಪಟೆಯಾಗುವ ತನಕ ಉರುಳಿಸಬೇಕು. ನಡುವಿನಿಂದ ಅಂಚಿಗೆ ತಳ್ಳಿ, ಗಾಳಿಗುಳ್ಳೆ ಉಳಿದರೆ ಬ್ಲೇಡಿನ ಮೊನೆಯಲ್ಲಿ ಚುಚ್ಚಿ ಒತ್ತಿ. ಕೈಯಲ್ಲಿ ಒತ್ತಿದರೆ ಸಾಲುವುದಿಲ್ಲವಾ ಅಂದರೆ, ಇಲ್ಲ. ಗಾಳಿ ನಿಂತ ಕಡೆ ತಗಡಿಗೂ ರಬ್ಬರಿಗೂ ಸಂಬಂಧವೇ ಇರುವುದಿಲ್ಲ. ಚಳಿಯಲ್ಲಿ ಬ್ಯುಟೈಲ್ ಬಿರುಸಾಗುತ್ತದೆ, ಡ್ರೈಯರಿನಿಂದ ಶೀಟನ್ನೂ ತಗಡನ್ನೂ ಉಗುರುಬೆಚ್ಚಗೆ ಮಾಡಿಕೊಳ್ಳಿ. ಬಿಸಿಲಲ್ಲಿ ಕಾದ ತಗಡಿಗೆ ಹಾಕಿದರೆ ತಾಗಿದ ಕೂಡಲೇ ಹಿಡಿಯುತ್ತದೆ, ಸರಿಪಡಿಸಲು ಆಗುವುದಿಲ್ಲ. ನೆರಳೇ ವಾಸಿ.

ನಾಲ್ಕೈದು ತುಂಡು ಹಾಕಿ ಹೊರಗಿನಿಂದ ಕುಟ್ಟಿ. ‘ಠಣ್’ ಹೋಗಿ ‘ಧಪ್’ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ.

ಬಾಗಿಲ ತಳದಲ್ಲಿ ನೀರು ಹೊರಹೋಗುವ ಸೀಳುಗಳಿವೆ. ಗಾಜಿನ ಪಕ್ಕ ಇಳಿದ ಮಳೆನೀರು ಅಲ್ಲಿಂದಲೇ ಹೋಗಬೇಕು. ಅಲ್ಲಿ ಒಂದು ಚೂರೂ ಅಂಟಿರಬಾರದು. ಪರೀಕ್ಷೆ ಸುಲಭ: ಬಾಗಿಲು ಮುಚ್ಚಿ, ಗಾಜಿನ ಹೊರಮೈ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಕೆಳಗಿನಿಂದ ಸರಾಗವಾಗಿ ಹರಿದು ಬರಬೇಕು. ಆಮೇಲೆ ಸ್ವಿಚ್ ಮತ್ತು ಬಿಚ್ಚಿದ ಕನೆಕ್ಟರುಗಳನ್ನೆಲ್ಲ ಮತ್ತೆ ಜೋಡಿಸಿ, ಬ್ಯಾಟರಿ ಕೊಟ್ಟು ಗಾಜನ್ನು ಪೂರ್ತಿ ಇಳಿಸಿ ಏರಿಸಿ. ಎಲ್ಲೂ ತಾಗಬಾರದು, ಲಾಕಿನ ಸಲಾಕೆಯೂ ಸಲೀಸಾಗಿ ಆಡಬೇಕು. ಮುಂದಿನ ಕೆಲಸಕ್ಕೆ ಬ್ಯಾಟರಿ ಮತ್ತೆ ಬಿಚ್ಚಿ.

ಒಳತಗಡಿನ ತೂತುಗಳನ್ನು ಮುಚ್ಚಿದರೆ ಸ್ಪೀಕರಿನ ಬಾಸ್ ಗಟ್ಟಿಯಾಗುತ್ತದೆ. ಸೆನ್ಸರ್ ಇಲ್ಲದ ಬಾಗಿಲಾದರೆ ಮಾಡಬಹುದು. ಆದರೆ ದೊಡ್ಡ ತೂತಿಗೆ ಬರೀ ಶೀಟು ಹಾಸಿದರೆ ಬಿಸಿಲಿಗೆ ಜೋತು ಬೀಳುತ್ತದೆ. ಗಟ್ಟಿ ಪ್ಲಾಸ್ಟಿಕ್ ತುಂಡು ಇಟ್ಟು ಅಂಚಿಗಷ್ಟೇ ಬ್ಯುಟೈಲ್ ಹಾಕಿ. ಮುಂದೊಂದು ದಿನ ಗಾಜಿನ ಮೋಟಾರ್ ಕೆಟ್ಟರೆ ಮೆಕ್ಯಾನಿಕ್ ನಿಮ್ಮನ್ನು ಬೈಯದ ಹಾಗೆ ಬಿಚ್ಚಲು ಬರುವಂತಿರಲಿ. ನೀವು ಮುಚ್ಚದಿದ್ದರೆ ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಸಂದಿಯಿಲ್ಲದಂತೆ ಮತ್ತೆ ಅಂಟಿಸಿ, ಇಲ್ಲವಾದರೆ ಮೊದಲ ಮಳೆಗೇ ಕಾರ್ಪೆಟ್ ಒದ್ದೆ. ಡೋರ್ ಪ್ಯಾಡ್ ತಗಡಿಗೆ ತಾಗುವ ಕಡೆ ಫೋಮ್ ಪಟ್ಟಿ ಹಚ್ಚಿದರೆ ಕಿರಕಿರ ಸದ್ದೂ ಹೋಗುತ್ತದೆ.

ನೆಲ

ಟೈರಿನ ಸದ್ದಿಗೆ ನಿಜವಾದ ಔಷಧ ಇಲ್ಲಿದೆ. ಸೀಟು ಬಿಚ್ಚಬೇಕು, ಇಬ್ಬರು ಇರಲಿ. ಸೀಟು ಭಾರ ಇರುತ್ತದೆ, ಹಳಿಯ ಅಂಚು ಬಾಗಿಲ ಬಣ್ಣ ಗೀಚುತ್ತದೆ. ಹೊಸ್ತಿಲ ಪ್ಲಾಸ್ಟಿಕ್ ತೆಗೆದು ಕಾರ್ಪೆಟ್ ಎತ್ತಿ.

ಕೆಳಗೆ ಕಂಪನಿಯೇ ಹಾಕಿದ ಗಟ್ಟಿ ಕಪ್ಪು ಹಾಸುಗಳು ಕಾಣಬಹುದು. ಕೀಳಬೇಡಿ, ಅವು ಅದುರು ತಡೆಯುವ ಕೆಲಸವನ್ನೇ ಮಾಡುತ್ತಿವೆ. ಅವಿಲ್ಲದ ಚಪ್ಪಟೆ ಜಾಗಕ್ಕೆ ಮಾತ್ರ ಬ್ಯುಟೈಲ್ ಹಾಕಿ. ವೈರು, ಬ್ರೇಕ್ ಪೈಪು, ಇಂಧನ ಪೈಪು, ಬೋಲ್ಟಿನ ತೂತು, ರಬ್ಬರ್ ಬಿರಡೆ ಇವುಗಳ ಮೇಲೆ ಬೇಡ. ಹಿಂದಿನ ಸೀಟಿನ ಕೆಳಗೆ ಇಂಧನ ಪಂಪಿನ ಮುಚ್ಚಳ ಇರುವ ಕಾರಾದರೆ ಅದನ್ನು ತೆರೆಯುವಂತೆ ಬಿಡಿ. ಕಾರ್ಪೆಟ್ ಅಡಿ ತೇವ ಕಂಡರೆ ಮೊದಲು ಸೋರುವ ಜಾಗ ಹುಡುಕಿ, ಎಸಿಯ ನೀರಿನ ಪೈಪು ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ.

ಬ್ಯುಟೈಲ್ ಮೇಲೆ ಫೋಮ್, ಅದರ ಮೇಲೆ ವಿನೈಲ್. ಈ ಎರಡನ್ನೂ ಇಡೀ ನೆಲಕ್ಕೆ ಹಾಸಬೇಕು. ನೇರವಾಗಿ ಕತ್ತರಿಸಲು ಹೋಗಬೇಡಿ, ಹಳೆ ಪೇಪರ್ ಜೋಡಿಸಿ ಅಚ್ಚು ಮಾಡಿಕೊಂಡು ಅದರಂತೆ ಕತ್ತರಿಸಿ. ವಿನೈಲ್ ಎರಡು ತುಂಡು ಸೇರುವ ಕಡೆ ಒಂದರ ಮೇಲೊಂದು ಬರುವಂತೆ ಇಟ್ಟು ಟೇಪ್ ಹಾಕಿ. ನೆಲಕ್ಕೆ ಅಂಟಿಸುವ ಅಗತ್ಯವಿಲ್ಲ, ಕಾರ್ಪೆಟ್ಟಿನ ಭಾರವೇ ಸಾಕು. ಪೆಡಲ್‌ಗಳ ಕೆಳಗೆ ಮಾತ್ರ ದಪ್ಪ ಹೆಚ್ಚಿಸಬೇಡಿ. ಎಲ್ಲ ಮುಗಿದ ಮೇಲೆ ಇರುವ ಪೆಡಲ್‌ಗಳನ್ನೆಲ್ಲ ತಳದ ತನಕ ಒತ್ತಿ, ಬಿಟ್ಟಾಗ ತಾನಾಗಿ ವಾಪಸ್ ಬರುತ್ತವಾ ನೋಡಿ. ಆಕ್ಸಿಲರೇಟರ್ ಕಾರ್ಪೆಟ್ಟಿಗೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಸೀಟು ಮತ್ತು ಬೆಲ್ಟಿನ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ, ಕಾರಿನ ಸರ್ವಿಸ್ ಪುಸ್ತಕ ಹೇಳಿದ ಬಿಗಿಗೆ ತಿರುಗಿಸಿ. ಕೈಯಂದಾಜು ಇಲ್ಲಿ ಬೇಡ.

ಡಿಕ್ಕಿ ಮತ್ತು ವೀಲ್ ಆರ್ಚ್

ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ಡಿಕ್ಕಿಗೂ ಕ್ಯಾಬಿನ್ನಿಗೂ ಗೋಡೆಯಿಲ್ಲ. ಹಿಂದಿನ ಟೈರಿನ ಸದ್ದೆಲ್ಲ ಇಲ್ಲಿಂದಲೇ ಮುಂದೆ ಬರುತ್ತದೆ. ದುಡ್ಡು ಕಡಿಮೆ ಇದ್ದರೆ ಬಾಗಿಲುಗಳ ನಂತರ ನಾನು ಇದಕ್ಕೇ ಕೈ ಹಾಕುತ್ತೇನೆ: ಎರಡೂ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನಿನಂಥ ತಗಡು) ಮತ್ತು ಸ್ಟೆಪ್ನಿ ಕೂರುವ ಗುಂಡಿ. ಕಲ್ಲು, ನೀರು ಬಡಿಯುವ ಜಾಗವಾದ್ದರಿಂದ ವೀಲ್ ಆರ್ಚಿಗೆ ಶೇಕಡಾ ಲೆಕ್ಕ ಬಿಟ್ಟು ಒಳಗಿನಿಂದ ಧಾರಾಳವಾಗಿ ಹಾಕಬಹುದು. ಮೇಲೆ ಫೋಮ್ ಮತ್ತು ವಿನೈಲ್ ಹೊದಿಸಿದರೆ ಇನ್ನೂ ವಾಸಿ.

ಡಿಕ್ಕಿಯ ಪಕ್ಕದಲ್ಲಿ, ಬಂಪರಿನ ಹಿಂದೆ ರಬ್ಬರ್ ರೆಪ್ಪೆಗಳ ಗಾಳಿಕಿಂಡಿ ಇರುತ್ತದೆ. ಒಳಗಿನ ಗಾಳಿ ಹೊರಹೋಗುವ ದಾರಿ ಅದು. ಮುಚ್ಚಿದರೆ ಗಾಜಿನ ಮೇಲೆ ಮಂಜು ಕೂರುತ್ತದೆ, ಬಾಗಿಲು ಹಾಕಲು ಜಾಸ್ತಿ ಬಲ ಬೇಕಾಗುತ್ತದೆ. ಹಿಂಬಾಗಿಲಿಗೆ ಹೆಚ್ಚು ಭಾರ ಹೇರಿದರೆ ಗ್ಯಾಸ್ ದಂಡಗಳು ಎತ್ತಿ ಹಿಡಿಯಲಾರದೆ ಅದು ತಲೆ ಮೇಲೆ ಇಳಿಯಬಹುದು. ಎರಡು ಮೂರು ತುಂಡು ಸಾಕು.

ಛಾವಣಿ, ಬಾನೆಟ್

ಮಳೆ ಸದ್ದು ಕಾಡಿದರೆ ಛಾವಣಿಗೆ ಶೀಟು ಒಳ್ಳೆಯದೇ. ಆದರೆ ಒಳಹೊದಿಕೆ ಇಳಿಸುವುದು ಹೊಸಬರ ಕೆಲಸವಲ್ಲ. ಮಡಚಿದರೆ ಗೆರೆ ಬೀಳುತ್ತದೆ, ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುತ್ತದೆ. ಮಾಡಲೇಬೇಕು ಅಂದರೆ ಅನುಭವಿ ಜೊತೆಗಿರಲಿ, ಬ್ಯುಟೈಲ್ ಮಾತ್ರ, ಅದೂ ಮಿತವಾಗಿ. ವಿನೈಲ್ ಬೇಡ, ಎತ್ತರದಲ್ಲಿ ಅಷ್ಟು ತೂಕ ಒಳ್ಳೆಯದಲ್ಲ.

ಬಾನೆಟ್ಟನ್ನು ನಾನು ಬಿಟ್ಟೇಬಿಡುತ್ತೇನೆ. ಕ್ಯಾಬಿನ್ನಿನೊಳಗೆ ವ್ಯತ್ಯಾಸ ಗೊತ್ತಾಗುವುದು ಕಡಿಮೆ, ಎಂಜಿನ್ ಬಿಸಿಗೆ ಮಾಮೂಲಿ ಶೀಟು ತಡೆಯುವುದೂ ಅನುಮಾನ. ಹಾಕುವುದಾದರೆ ಬಾನೆಟ್ಟಿಗೆಂದೇ ಮಾಡಿದ, ಬಿಸಿ ತಡೆಯುವ ಹಾಸು ಹಾಕಿ.

ಮುಗಿದ ಮೇಲೆ

ಎಲ್ಲ ಕನೆಕ್ಟರ್ ಜೋಡಿಸಿದ್ದನ್ನು ಫೋಟೊ ನೋಡಿ ಖಚಿತ ಮಾಡಿಕೊಂಡು ಬ್ಯಾಟರಿ ಕೊಡಿ. ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಒಂದೇ ಒತ್ತಿಗೆ ಏರುವ ಗಾಜುಗಳು ಆ ಅಭ್ಯಾಸ ಮರೆತಿರಬಹುದು, ಮತ್ತೆ ಕಲಿಸುವ ಕ್ರಮ ಕೈಪಿಡಿಯಲ್ಲಿರುತ್ತದೆ. ಕೆಲವು ಸ್ಟೀರಿಯೊಗಳು ಕೋಡ್ ಕೇಳುತ್ತವೆ, ಮೊದಲೇ ಹುಡುಕಿಟ್ಟುಕೊಂಡರೆ ಒಳ್ಳೆಯದು.

ಹಳೆಯ ರಸ್ತೆಯಲ್ಲಿ, ಹಳೆಯ ವೇಗದಲ್ಲಿ ಮತ್ತೆ ಅಳೆಯಿರಿ. ಮೊದಲು ಕೇಳದಿದ್ದ ಸಣ್ಣಪುಟ್ಟ ಕಟಕಟ ಸದ್ದುಗಳು ಈಗ ಕೇಳಿಸಿದರೆ ಗಾಬರಿ ಬೇಡ. ಅವು ಹೊಸದಾಗಿ ಹುಟ್ಟಿದ್ದಲ್ಲ, ದೊಡ್ಡ ಸದ್ದು ಇಳಿದಿದ್ದರಿಂದ ಮೇಲೆ ಬಂದಿವೆ. ಗ್ಲೋವ್ ಬಾಕ್ಸು, ಬೆಲ್ಟಿನ ಬಕಲ್ಲು, ಸ್ಟೆಪ್ನಿಯ ಜ್ಯಾಕು ಇವನ್ನು ಮೊದಲು ನೋಡಿ. ಉಳಿದ ಫೋಮ್ ಚೂರುಗಳನ್ನು ಎಸೆಯಬೇಡಿ. ಹಿಂದಿನ ನಂಬರ್ ಪ್ಲೇಟನ್ನು ಬಿಚ್ಚದೆ, ಅಂಚಿನ ಸಂದಿಯಿಂದ ಅದರ ಬೆನ್ನಿಗೆ ಎರಡು ತುಂಡು ತೂರಿಸಿ, ಡಿಕ್ಕಿ ಮುಚ್ಚುವಾಗ ಬರುವ ತಗಡಿನ ಸದ್ದು ಅದರಲ್ಲೇ ಹೋಗುತ್ತದೆ.